ತಿಮ್ಮಪ್ಪ ಪಾಸು ಮಾಡಿದ ಎಂಟುನೂರು

ಹಳೇ ಕಾರು ತಗೋಬೇಕು ಅಂತ ಒಂದು ಸಲ ಬಾಯಿಬಿಟ್ಟು ನೋಡಿ, ಪರಿಚಯದವರೆಲ್ಲ ಮೆಕ್ಯಾನಿಕ್ ಆಗಿಬಿಡುತ್ತಾರೆ. ನನಗೆ ಬೇಕಿದ್ದದ್ದು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ತನಕ ತಯಾರಾದ ಗಾಡಿ, ನಮ್ಮೂರಲ್ಲಿ ಅರ್ಧ ಜನ ಡ್ರೈವಿಂಗ್ ಕಲಿತದ್ದೇ ಅದರಲ್ಲಿ. ಸಿಕ್ಕಿದ್ದು 1999ರದ್ದು, ಬಿಳಿ ಬಣ್ಣ, ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕಾದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರೋ ಹಳೇ ಮಾಡೆಲ್ಲು.

ಜೊತೆಗೆ ಬಂದ ಗೆಳೆಯ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಬಾಗಿಲ ರಬ್ಬರ್ ಬೀಡಿಂಗ್ ಎಳೆದು ಒಳಗಿನ ತಗಡಿನ ಮೇಲೆ ಬೆರಳಾಡಿಸಿದ. ಕಂಪನಿ ವೆಲ್ಡಿಂಗ್ ಆದರೆ ಗುಂಡನೆ ಗುಳಿಗಳು ಸಾಲಾಗಿ ಸಿಗಬೇಕಂತೆ, ಇಲ್ಲದಿದ್ದರೆ ಗಾಡಿ ಎಲ್ಲೋ ಗುದ್ದಿಸಿಕೊಂಡು ಬಂದಿದೆ ಅಂತ ಲೆಕ್ಕ. ಆಮೇಲೆ ಜೇಬಿನಿಂದ ಫ್ರಿಡ್ಜಿಗೆ ಅಂಟಿಸುವ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ ತೆಗೆದ. ಬಾನೆಟ್ ಮೇಲೆ ತಿಮ್ಮಪ್ಪ ಗಟ್ಟಿಯಾಗಿ ನಿಂತ. ಹಿಂದಿನ ಬಾಗಿಲ ಕೆಳಗೆ ಮಾತ್ರ ಜಾರಿ ಬಿದ್ದ. "ಇಲ್ಲಿ ತಗಡು ಕೊಳೆತಿದೆ ಸಾರ್, ಬರೀ ಪುಟ್ಟಿ ಮೆತ್ತಿದ್ದೀರಿ" ಅಂತ ಗೆಳೆಯ ಮಾರುವವರಿಗೆ ಅಂದ. ಅಷ್ಟಕ್ಕೇ ಐದು ಸಾವಿರ ಇಳಿಯಿತು. ಮೀಟರ್ ನಲವತ್ತೆರಡು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು, ಕ್ಲಚ್ ಪೆಡಲಿನ ರಬ್ಬರ್ ನೋಡಿದರೆ ಸವೆದು ಹಳೇ ಹವಾಯಿ ಚಪ್ಪಲಿ ಥರ ನುಣ್ಣಗಾಗಿತ್ತು. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಅಂತ ಅಲ್ಲಿ ಇನ್ನೆರಡು ಸಾವಿರ.

ಕೊಂಡ ಮೇಲೆ ಶುರುವಾಗಿದ್ದು ಮಾಡಿಫಿಕೇಶನ್ ಉಪದೇಶ. ದೊಡ್ಡ ಅಲಾಯ್ ವೀಲ್ ಹಾಕ್ಸು, ಅಗಲದ ಟೈರ್ ಹಾಕ್ಸು, ಸೈಲೆನ್ಸರ್ ಬದಲಾಯಿಸು. ಅಲ್ಲಾ, ಇರೋದು 796 ಸಿಸಿ, ಮೂರು ಸಿಲಿಂಡರು, ಹನ್ನೆರಡು ಇಂಚಿನ ಚಕ್ರ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅಗಲದ ಟೈರ್ ಹಾಕಿಸಿದರೆ ಪಾರ್ಕಿಂಗ್ ಮಾಡುವಾಗ ರಾಗಿ ಕಲ್ಲು ಬೀಸಿದ ಹಾಗೆ ಆಗುತ್ತೆ. ಕಂಪನಿ ಕೊಟ್ಟ ರೂಪ ಬದಲಾಯಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೋರ್ಟ್ ಹೇಳದಿದ್ದರೂ ನಾನು ಮಾಡಿಸುತ್ತಿರಲಿಲ್ಲ ಬಿಡಿ. ಗಿಡ್ಡಗೆ, ಬಡಕಲಾಗಿ ಇದ್ದರೇ ಅದು ಚೆಂದ.

ಮೂರನೇ ದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಕುಯ್ ಕುಯ್ ಅನ್ನುತ್ತೆ, ಹತ್ತಿಕೊಳ್ಳೋದೇ ಇಲ್ಲ. ಗೆಳೆಯ ಬಂದ. ಬಾನೆಟ್ ಎತ್ತಿ, ಮೂಸಿ, ಕಾರ್ಬ್ಯುರೇಟರ್ ಹೋಗಿದೆ ಅಂದ. ಪ್ಲಗ್ ಬಿಚ್ಚಿ ನೋಡಿ ಎಂಜಿನ್ನೇ ಬಿಚ್ಚಬೇಕು, ಹದಿನೈದು ಸಾವಿರಕ್ಕೆ ಕಮ್ಮಿ ಆಗಲ್ಲ ಅಂದ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಮಾರಿದವರಿಗೇ ಫೋನ್ ಮಾಡಿದೆ.

"ಅಯ್ಯೋ, ಹೇಳೋದೇ ಮರೆತೆ ಸಾರ್. ಕಳ್ಳರ ಭಯಕ್ಕೆ, ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್‌ಗೆ ಹೋಗೋ ಕರೆಂಟಿಗೆ ಒಂದು ಸ್ವಿಚ್ ಹಾಕ್ಸಿದ್ದೆ. ಡ್ರೈವರ್ ಸೀಟ್ ಕೆಳಗೆ ಕೈ ಹಾಕಿ, ನಿನ್ನೆ ಏನೋ ತಗುಲಿ ಆಫ್ ಆಗಿರುತ್ತೆ."

ಕೈ ಹಾಕಿದೆ. ಕಟ್ ಅಂತು. ಒಂದೇ ಕೀಗೆ ಸ್ಟಾರ್ಟ್. ಪ್ಲಗ್ ಕೂರಿಸಿ ಇನ್ನೂ ಕೈ ಒರೆಸಿಕೊಳ್ಳುತ್ತಿದ್ದ ಗೆಳೆಯ, "ನಾನೂ ಅದನ್ನೇ ಹೇಳೋಣ ಅಂತಿದ್ದೆ, ಕರೆಂಟಿಂದೇ ಪ್ರಾಬ್ಲಂ" ಅಂದ.