ಸರ್ಕಾರದ ದುಡ್ಡಿನ ಟೆಲಿಕಾಂ ಲ್ಯಾಬ್ ಇನ್ನೂ ಬೇಕಾ? ಸಿ-ಡಾಟ್ ಬಗ್ಗೆ ಪರ-ವಿರೋಧ

ಪರ: ಕಿತ್ತೂರಿಗೆ ಯಾವ ಕಂಪನಿ ಬರ್ತಿತ್ತು?

ನನ್ನ ಮಾಮ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಬೈಲಹೊಂಗಲ ಕಡೆಯ ಸಣ್ಣ ಊರು. ಒಂದು ಫೋನನ್ನು ಇನ್ನೊಂದಕ್ಕೆ ಜೋಡಿಸುವ ಎಕ್ಸ್‌ಚೇಂಜ್ ಅಂದರೆ ಅಲ್ಲಿ ಪೋಸ್ಟ್ ಆಫೀಸಿನ ಹಿಂದಿನ ಒಂದೇ ಒಂದು ಕೋಣೆ. ಮೇಲೆ ಹಂಚು, ಮೂಲೆಯಲ್ಲಿ ಬ್ಯಾಟರಿಗಳ ಸಾಲು, ಗೋಡೆ ಹತ್ತಿರ ಬೂದು ಬಣ್ಣದ ಒಂದು ಕಪಾಟು. ಬೇಸಿಗೆ ರಜೆಯಲ್ಲಿ ಮಾಮನ ಸೈಕಲ್ ಹತ್ತಿ ನಾನೂ ಹೋಗುತ್ತಿದ್ದೆ. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಎಸಿ ಹೋಗಲಿ, ಫ್ಯಾನ್ ಕೂಡ ಇರಲಿಲ್ಲ. ಆದರೂ ಆ ಕಪಾಟು ತನ್ನ ಪಾಡಿಗೆ ತಾನು ಊರಿನ ಫೋನುಗಳನ್ನೆಲ್ಲ ನಡೆಸುತ್ತಿತ್ತು.

ಒಂದು ದಿನ ಅರ್ಧ ಊರಿನ ಫೋನು ಸತ್ತಿತ್ತು. ಮಾಮ ಕಪಾಟಿನ ಬಾಗಿಲು ತೆಗೆದರು. ಪುಸ್ತಕಗಳನ್ನು ಜೋಡಿಸಿಟ್ಟ ಹಾಗೆ ಹಸಿರು ಕಾರ್ಡುಗಳು. ಒಂದರ ಮೇಲೆ ಕೆಂಪು ದೀಪ. ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು, ಡಬ್ಬಿಯಲ್ಲಿದ್ದ ಇನ್ನೊಂದನ್ನು ತಳ್ಳಿ ಕೂರಿಸಿದರು. ಆಮೇಲೆ ಟೆಸ್ಟ್ ಫೋನು ನನ್ನ ಕಿವಿಗೆ ಹಿಡಿದು "ಟೋನ್ ಬಂತೇನು ನೋಡು" ಅಂದರು. ಬಂದಿತ್ತು. ಎಸ್ಸೆಸ್ಸೆಲ್ಸಿ ಓದಿದ ಮನುಷ್ಯ ಹತ್ತು ನಿಮಿಷದಲ್ಲಿ ರಿಪೇರಿ ಮಾಡಬಹುದಾದ ಡಿಜಿಟಲ್ ಎಕ್ಸ್‌ಚೇಂಜ್ ಅದು. ಅದನ್ನು ಮಾಡಿದ್ದು ಸಿ-ಡಾಟ್, ಅಂದರೆ ಟೆಲಿಫೋನ್ ತಂತ್ರಜ್ಞಾನಕ್ಕೆ ಅಂತ ಸರ್ಕಾರ ಕಟ್ಟಿದ ಸಂಶೋಧನಾ ಸಂಸ್ಥೆ.

1980ರ ದಶಕದ ಶುರುವಿನಲ್ಲಿ ನಮ್ಮ ದೇಶ ಹೇಗಿತ್ತು ಅನ್ನೋದು ಈಗಿನವರಿಗೆ ಅಂದಾಜಿಗೆ ಸಿಗೋದು ಕಷ್ಟ. ಎಪ್ಪತ್ತು ಕೋಟಿಗೂ ಜಾಸ್ತಿ ಜನ, ಇಪ್ಪತ್ತು-ಮೂವತ್ತು ಲಕ್ಷ ಫೋನು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬೇರೆ ಊರಿಗೆ ಮಾತಾಡಬೇಕು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಇಡೀ ದಿನ ಫೋನ್ ಪಕ್ಕದಲ್ಲೇ ಕೂರಬೇಕಿತ್ತು, ತುರ್ತಾಗಿದ್ದರೆ ಎಂಟು ಪಟ್ಟು ದುಡ್ಡು ಕೊಟ್ಟು ಲೈಟ್ನಿಂಗ್ ಕಾಲ್. ಹೊರದೇಶದ ಕಂಪನಿಗಳ ಹತ್ತಿರ ಡಿಜಿಟಲ್ ಎಕ್ಸ್‌ಚೇಂಜ್ ಇರಲಿಲ್ಲ ಅಂತಲ್ಲ, ಇದ್ದವು. ಆದರೆ ಅವು ಸಾವಿರಾರು ಲೈನುಗಳ ದೊಡ್ಡ ಊರಿಗೆ ಮಾಡಿದವು, ಎಸಿ ಕೋಣೆ ಇಲ್ಲದೆ ನಡೆಯುತ್ತಿರಲಿಲ್ಲ. ಇನ್ನೊಂದು ವಿಷಯ ಇದೆ. ಅಲ್ಲಿ ಒಂದು ಫೋನು ಅಂದರೆ ಒಂದು ಮನೆ. ನಮ್ಮಲ್ಲಿ ಒಂದು ಫೋನಿಗೆ ಇಡೀ ಓಣಿ. ಹಾಗಾಗಿ ಒಂದೊಂದು ಲೈನಿನ ಮೇಲೆ ಬೀಳುವ ಹೊರೆಯೇ ಬೇರೆ. ಆ ಲೆಕ್ಕ ಅವರ ಡಿಸೈನಿನಲ್ಲಿ ಇರಲಿಲ್ಲ.

1984ರ ಆಗಸ್ಟ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ಸಿ-ಡಾಟ್ ಶುರು ಮಾಡಿತು. 36 ತಿಂಗಳು, 36 ಕೋಟಿ ರೂಪಾಯಿ. ಮುಂದೆ ನಿಂತವರು ಅಮೆರಿಕದಿಂದ ಬಂದ ಟೆಲಿಕಾಂ ಎಂಜಿನಿಯರ್ ಸ್ಯಾಮ್ ಪಿತ್ರೋಡಾ. ಅವರ ಜೊತೆಗೆ ಮುಂಬೈನ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಿಂದ ಮತ್ತು ಇಲಾಖೆಯ ಹಳೆಯ ಸಂಶೋಧನಾ ಕೇಂದ್ರದಿಂದ ಬಂದ ಅನುಭವಿಗಳು. ಉಳಿದವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಅವರು ತಲೆಕೆಳಗಾಗಿ ಯೋಚಿಸಿದರು. ದೊಡ್ಡದನ್ನು ಮಾಡಿ ಆಮೇಲೆ ಚಿಕ್ಕದು ಮಾಡೋಣ ಅನ್ನಲಿಲ್ಲ, ಚಿಕ್ಕದನ್ನೇ ಮೊದಲು ಮಾಡಿ ಅದನ್ನೇ ಇಟ್ಟಿಗೆ ಥರ ಜೋಡಿಸುತ್ತಾ ದೊಡ್ಡದು ಮಾಡೋಣ ಅಂದರು. ನಿಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ನ ಅಂಕಿ ಮಾಡಿ, ಆ ಅಂಕಿಗಳನ್ನು ಸಾಲಿನಲ್ಲಿ ನಿಲ್ಲಿಸಿ ಬೇಕಾದ ಕಡೆಗೆ ಕಳಿಸೋದು, ಡಿಜಿಟಲ್ ಎಕ್ಸ್‌ಚೇಂಜ್ ಅಂದರೆ ಇಷ್ಟೇ. ಇದನ್ನು ಧೂಳು, ಸೆಖೆ, ಕೈಕೊಡುವ ಕರೆಂಟು ಎಲ್ಲ ತಡೆಯುವ ಹಾಗೆ ಮಾಡಿದ್ದು ನಮ್ಮವರು. 128 ಪೋರ್ಟ್‌ನ (ಪೋರ್ಟ್ ಅಂದರೆ ಲೈನು ಜೋಡಿಸುವ ಜಾಗ) ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಎಲ್ಲಿ ಶುರುವಾಯ್ತು ಗೊತ್ತಾ? ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಈಗ ಹೇಳಿ. ಮಾರ್ಕೆಟ್ ಎಲ್ಲಾ ನೋಡಿಕೊಳ್ಳುತ್ತೆ ಅನ್ನೋರು ಇದ್ದಾರಲ್ಲ, 1986ರಲ್ಲಿ ಕಿತ್ತೂರಿಗೆ ಯಾವ ಕಂಪನಿ ಬರ್ತಿತ್ತು? ನೂರು ಫೋನಿನ ಊರಿಗೆ ಯಾರು ಡಿಸೈನ್ ಮಾಡ್ತಿದ್ದರು? ಅವರ ಪ್ರಕಾರ ಹಳ್ಳಿಯವರು ಇನ್ನೂ ಇಪ್ಪತ್ತು ವರ್ಷ ಕಾಯಬೇಕಿತ್ತು, ಅಷ್ಟೇ.

ಮೊಬೈಲ್ ಬಂದಾಗ ಸಿ-ಡಾಟ್ ಎಲ್ಲಿತ್ತು ಅಂತ ಕೇಳ್ತಾರೆ. ಮೊಬೈಲ್ ಕಥೆ ಬೇರೆ, ಅದರಲ್ಲಿ ಸರ್ಕಾರದ ನೀತಿಯೂ ಸೇರಿದೆ, ಅದನ್ನು ಇಲ್ಲಿ ಎಳೆಯೋದು ಬೇಡ. ಈಗ ಏನು ಮಾಡ್ತಿದೆ ನೋಡಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 97,500 ಟವರ್‌ಗಳೊಂದಿಗೆ ದೇಶಕ್ಕೆ ಅರ್ಪಣೆ ಆಯಿತಲ್ಲ, ಅದರ ಕೋರ್, ಅಂದರೆ ಕಾಲ್ ಎಲ್ಲಿಂದ ಎಲ್ಲಿಗೆ ಅಂತ ತೀರ್ಮಾನ ಮಾಡುವ ಮಿದುಳು, ಸಿ-ಡಾಟ್‌ನದು. ಕಳೆದ ಮೊಬೈಲನ್ನು ಬ್ಲಾಕ್ ಮಾಡುವ ಸಿಇಐಆರ್ ಕೂಡ ಅವರದೇ. 2023ರ ಅಕ್ಟೋಬರ್‌ನಲ್ಲಿ ನಮ್ಮೆಲ್ಲರ ಫೋನು ಒಂದೇ ಸಲ ಕಿರುಚಿಕೊಂಡಿದ್ದು ನೆನಪಿದೆಯಾ? ನಾನು ಬಸ್ಸಿನಲ್ಲಿದ್ದೆ. ಮುಂದಿನ ಸೀಟಿನ ಅಜ್ಜಿ ಗಾಬರಿಯಾಗಿ ಫೋನನ್ನು ಸೆರಗಿನಲ್ಲಿ ಸುತ್ತಿಬಿಟ್ಟರು. ಪ್ರವಾಹ, ಭೂಕಂಪದ ಎಚ್ಚರಿಕೆ ಕೊಡೋ ಸಿ-ಡಾಟ್ ವ್ಯವಸ್ಥೆಯ ಪರೀಕ್ಷೆ ಅದು. ಇದರಲ್ಲಿ ಲಾಭ ಎಲ್ಲಿದೆ? ಲಾಭ ಇಲ್ಲದ್ದನ್ನು ಯಾರು ಮಾಡಬೇಕು?

ಮಾಮ ರಿಟೈರ್ ಆದ ಮೇಲೆ ಆ ಕೋಣೆಗೆ ಬೀಗ ಬಿತ್ತು, ಕಪಾಟು ಗುಜರಿಗೆ ಹೋಯ್ತು. ಒಂದು ಕಾರ್ಡನ್ನು ಅವರು ಮನೆಗೆ ತಂದಿಟ್ಟುಕೊಂಡಿದ್ದಾರೆ. ದೇವರ ಕೋಣೆಯ ಪಕ್ಕದ ಗೂಡಿನಲ್ಲಿ, ಬಟ್ಟೆಯಲ್ಲಿ ಸುತ್ತಿ. ಈಗಲೂ ಹೋದಾಗಲೆಲ್ಲ ತೆಗೆದು ತೋರಿಸುತ್ತಾರೆ.

ವಿರೋಧ: ಒಂದೇ ಗಿರಾಕಿಯ ಅಂಗಡಿ

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಪೂರ್ತಿ ವಿರೋಧ ನನಗಿಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಗೆ ಎಕ್ಸ್‌ಚೇಂಜ್ ಕೊಟ್ಟಿದ್ದು ದೊಡ್ಡ ಕೆಲಸ. ಆದರೆ ಪ್ರಶ್ನೆ "ಇನ್ನೂ ಬೇಕಾ" ಅಂತ ಅಲ್ವಾ? 1986ರ ಕಿತ್ತೂರು ಅದಕ್ಕೆ ಉತ್ತರ ಆಗೋದಿಲ್ಲ.

ಸಿ-ಡಾಟ್ ಹುಟ್ಟಿದ ಮೂರು ವರ್ಷಕ್ಕೆ, 1987ರಲ್ಲಿ, ಚೀನಾದ ಶೆಂಜೆನ್‌ನಲ್ಲಿ ಹುವಾವೇ ಅನ್ನೋ ಸಣ್ಣ ಕಂಪನಿ ಶುರುವಾಯ್ತು. ಅದು ಮೊದಲಿಗೆ ಹಾಂಕಾಂಗ್‌ನಿಂದ ಆಫೀಸ್ ಎಕ್ಸ್‌ಚೇಂಜ್ ತಂದು ಮಾರುತ್ತಿತ್ತು. ಆಮೇಲೆ ಅವರೂ ಹಳ್ಳಿಗಳಿಂದಲೇ ಶುರು ಮಾಡಿದರು, ಅವರೂ ಚಿಕ್ಕ ಎಕ್ಸ್‌ಚೇಂಜ್‌ನಿಂದ ದೊಡ್ಡದಕ್ಕೆ ಹೋದರು. ಇವತ್ತು ಅದು ಜಗತ್ತಿನ ಅತಿ ದೊಡ್ಡ ಟೆಲಿಕಾಂ ಉಪಕರಣ ಕಂಪನಿಗಳಲ್ಲಿ ಒಂದು. ನಾವು ಮೂರು ವರ್ಷ ಮೊದಲೇ ಹೊರಟಿದ್ದೆವು. ಈ ಮಾತಿಗೆ ಪರ ವಾದದವರು ಉತ್ತರ ಕೊಡಬೇಕು. ಹುವಾವೇಗೆ ಸರ್ಕಾರದ ಬೆಂಬಲ ಇತ್ತು ಅನ್ನಬಹುದು, ಇತ್ತು. ಆದರೆ ಮಾರದಿದ್ದರೆ ಉಳಿಗಾಲ ಇಲ್ಲ ಅನ್ನೋ ಭಯವೂ ಇತ್ತು.

ಆ ಭಯ ಇಲ್ಲದ ಕಡೆ ಏನಾಗುತ್ತೆ ಅಂತ ನಾನು ನೋಡಿದ್ದೇನೆ. ನಾನು ಒಂದು ಟೆಲಿಕಾಂ ಲ್ಯಾಬ್‌ನಲ್ಲಿ ಆರು ವರ್ಷ ಕೆಲಸ ಮಾಡಿದವನು. ಹೆಸರು ಬೇಡ. ನಮಗಿದ್ದದ್ದು ಒಬ್ಬನೇ ಗಿರಾಕಿ, ಅದೂ ಸರ್ಕಾರಿ. ಒಂದು ಸರ್ಕ್ಯೂಟ್ ಬೋರ್ಡ್ ಮಾಡಲು ಎರಡು ವರ್ಷ ಕೂತೆವು. ಮುಗಿಯುವ ಹೊತ್ತಿಗೆ ಸ್ಪೆಸಿಫಿಕೇಶನ್ ಮೂರನೇ ಸಲ ಬದಲಾಯ್ತು. ಮತ್ತೆ ಡಿಸೈನ್, ಮತ್ತೆ ಟೆಸ್ಟ್, ಮತ್ತೆ ಕಮಿಟಿ. ಕೊನೆಗೆ ಎಲ್ಲಾ ಪಾಸ್ ಆದಾಗ ಆ ತಂತ್ರಜ್ಞಾನವನ್ನು ಯಾರೂ ಕೊಳ್ಳುತ್ತಿರಲಿಲ್ಲ. ನಲವತ್ತು ಬೋರ್ಡುಗಳನ್ನು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ, ಸ್ಟೋರಿನ ಬೀರುವಿಗೆ ಸೇರಿಸಿದೆ. ಚೀಟಿ ಬರೆದದ್ದು ನಾನೇ. ನನ್ನ ಜೊತೆ ಸೇರಿದ ಹನ್ನೊಂದು ಜನರಲ್ಲಿ ಒಂಬತ್ತು ಜನ ಅಷ್ಟರಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿದ್ದರು. ಅವರಲ್ಲಿ ಇಬ್ಬರು ನಾನು ಕಂಡ ಅತ್ಯುತ್ತಮ ಎಂಜಿನಿಯರುಗಳು. ಆ ಬೀರುವಿನ ಬಾಗಿಲು ಮುಚ್ಚಿದ ಸಂಜೆ ನನಗೆ ಅಳು ಬಂದಿತ್ತು.

4ಜಿ ವಿಷಯಕ್ಕೆ ಬರೋಣ. ಬೆಂಗಳೂರಿಗೆ ಖಾಸಗಿ 4ಜಿ ಬಂದಿದ್ದು 2012ರಲ್ಲಿ. ಜಿಯೋ ಬಂದಿದ್ದು 2016ರಲ್ಲಿ. ಸ್ವದೇಶಿ 4ಜಿ ಅಧಿಕೃತವಾಗಿ ಉದ್ಘಾಟನೆ ಆಗಿದ್ದು 2025ರಲ್ಲಿ. ಅಷ್ಟರಲ್ಲಿ ಬೇರೆಯವರು 5ಜಿ ಕೊಡುತ್ತಿದ್ದರು. ಆ 4ಜಿಯಲ್ಲೂ ಟವರ್ ಮೇಲಿನ ರೇಡಿಯೋ ಉಪಕರಣ ಬಂದಿದ್ದು ತೇಜಸ್‌ನಿಂದ. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಬೆನ್ನಿಗೆ ನಿಂತಿದ್ದರಿಂದ 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ ಅದು. ಕೋರ್ ವಿಷಯದಲ್ಲೂ ಅಷ್ಟೇ, ಜಿಯೋ ತನ್ನ 5ಜಿಗೆ ತಾನೇ ಕೋರ್ ಮಾಡಿಕೊಂಡಿದೆ. ಅಂದರೆ ಈ ಕೆಲಸ ಈಗ ಹೊರಗೂ ಆಗುತ್ತೆ.

ಎಚ್ಚರಿಕೆಯ ಮೆಸೇಜ್ ವ್ಯವಸ್ಥೆ ಸರ್ಕಾರವೇ ಮಾಡಲಿ, ನನ್ನ ತಕರಾರಿಲ್ಲ. ಕಳೆದ ಫೋನು ಹುಡುಕೋದನ್ನೂ ಮಾಡಲಿ. ಆದರೆ ಮಾರುಕಟ್ಟೆಗೆ ಹೋಗುವ ಉಪಕರಣ ಮಾಡೋದಾದರೆ ಖಾಸಗಿ ಕಂಪನಿಗಳ ಟೆಂಡರಿಗೂ ಹೋಗಲಿ, ಅಲ್ಲಿ ಬೆಲೆ ಹೇಳಲಿ, ಬೈಸಿಕೊಳ್ಳಲಿ, ಸೋತರೆ ಯಾಕೆ ಸೋತೆವು ಅಂತ ನೋಡಲಿ. ಅದಾಗದಿದ್ದರೆ ಆ ದುಡ್ಡನ್ನು ತೇಜಸ್ ಥರದ ಇನ್ನೂ ಹತ್ತು ಕಂಪನಿ ಹುಟ್ಟೋದಕ್ಕೆ ಕೊಡಲಿ. ನನ್ನ ಆ ಒಂಬತ್ತು ಗೆಳೆಯರಲ್ಲಿ ನಾಲ್ಕೈದು ಜನ ಈಗಲೂ ಟೆಲಿಕಾಂಗೆ ವಾಪಸ್ ಬರ್ತೀನಿ ಅಂತಲೇ ಹೇಳುತ್ತಾರೆ.