ನೀಲಗಿರಿ ತೋಪಿನಲ್ಲಿ ಬೆರಕೆ ಸೊಪ್ಪು ಹುಟ್ಟಲ್ಲ

ಯಾವ ಮರ ನೆಟ್ಟರೂ ಭೂಮಿಗೆ ಒಳ್ಳೆಯದೇ ಅಂತ ಯಾರಾದರೂ ಹೇಳಿದರೆ ನನಗೆ ಕೋಲಾರದ ಕಡೆ ಇರುವ ನಮ್ಮ ಎರಡು ಎಕರೆ ನೆನಪಾಗುತ್ತದೆ.

ಕೆಂಪು ಮಣ್ಣಿನ ಹೊಲ. ಅಜ್ಜನ ಕಾಲಕ್ಕೆ ಅಲ್ಲಿ ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. 80ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು, ಸಸಿ ಸುಲಭವಾಗಿ ಸಿಕ್ಕವು, ಮಳೆ ನಂಬುವ ಹಾಗಿರಲಿಲ್ಲ, ಆಳು ಸಿಗುತ್ತಿರಲಿಲ್ಲ, ಇನ್ನು ಕಳೆ ತೆಗೆಯುವ ಕಾಟವೂ ತಪ್ಪಿತು ಅಂತ ಅಪ್ಪ ನೀಲಗಿರಿ ಹಾಕಿದರು. ಅವರನ್ನು ನಾನು ಬೈಯಲ್ಲ. ಸುತ್ತಮುತ್ತ ಎಲ್ಲರೂ ಅದನ್ನೇ ಮಾಡಿದರು.

ಕಳೆಯೇನೋ ಹೋಯಿತು. ಆದರೆ ಆ ಕಳೆ ಯಾವುದು? ಅಣ್ಣೆ ಸೊಪ್ಪು, ಕಿರಕಸಾಲೆ, ಗೋಣಿ ಸೊಪ್ಪು, ಹೊನಗೊನ್ನೆ. ಎಲ್ಲಾ ಸೇರಿಸಿ ಬೇಯಿಸಿದರೆ ಅದೇ ಬೆರಕೆ ಸೊಪ್ಪು. ಅಜ್ಜಿ ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಎಳೆಯದನ್ನು ಮಡಿಲಿಗೆ ಹಾಕಿಕೊಂಡು, ಬಲಿತದ್ದನ್ನು ಹಸುವಿಗೆ ತರುತ್ತಿದ್ದರು. ಸಂಜೆಗೆ ಬಸ್ಸಾರು, ಮುದ್ದೆ. ಈ ಗಿಡಗಳಿಗೆ ಉತ್ತ ಮಣ್ಣು ಬೇಕು, ಬಿಸಿಲು ಬೇಕು. ಕುಂಟೆ ಹೊಡೆದು ಮಣ್ಣು ಮೇಲೆ ಕೆಳಗೆ ಆದರೆ ಬೀಜ ಮೊಳೆಯುತ್ತದೆ. ನೀಲಗಿರಿ ಬಂದ ಮೇಲೆ ಉಳುಮೆ ನಿಂತಿತು, ತೇವವನ್ನೆಲ್ಲ ಬೇರು ಎಳೆದುಕೊಂಡಿತು, ಮೇಲೆ ಎಲೆಯ ಹಾಸು ಬಿತ್ತು. ಎಣ್ಣೆ ಇರುವ ಎಲೆ ಅದು, ಬೇಗ ಕೊಳೆಯಲ್ಲ.

ಒಂದು ಬೇಸಿಗೆಯಲ್ಲಿ ಆ ಎಲೆ ಸರಿಸಿ ಬಾಟಲಿಯ ನೀರು ಸುರಿದು ನೋಡಿದೆ. ನೀರು ಇಂಗಲಿಲ್ಲ. ಮೈಗೆಲ್ಲ ಧೂಳು ಮೆತ್ತಿಕೊಂಡು ಗೋಲಿಯ ಹಾಗೆ ಉರುಳಿತು. ಇಪ್ಪತ್ತು ಹೆಜ್ಜೆ ಆಚೆ ಬದುವಿನ ಹೊಂಗೆ ಮರದ ಕೆಳಗೂ ಸುರಿದೆ, ಮಣ್ಣು ಗಟಗಟ ಕುಡಿದುಬಿಟ್ಟಿತು. ಬೆರಳು ಹಾಕಿ ಕೆದಕಿದರೆ ಕಪ್ಪು ಮಣ್ಣು, ಎರೆಹುಳ. ಎರಡೂ ಮರವೇ ಅಲ್ವಾ?

1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಅಲ್ಲೇ ಹುಣಸೆ, ಮಾವಿನ ಬೀಜ ಹಾಕಿದ್ದರು. ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ನಮ್ಮ ಹೊಲದಲ್ಲಿ ಎಷ್ಟು ಸಲ ಕಡಿದು, ಎಷ್ಟು ಸಲ ಚಿಗುರಿತ್ತೋ.

ಕೊನೆಗೆ ಜೆಸಿಬಿ ತರಿಸಿ ಬುಡ ಕೀಳಿಸಿದೆವು. ಮೊದಲ ಮಳೆಗೆ ಸೊಪ್ಪು ಬರುತ್ತದೆ ಅಂತ ಕಾದೆ. ಬಂದದ್ದು ಕಾಂಗ್ರೆಸ್ ಹುಲ್ಲು, ಸೊಂಟದುದ್ದ! ಒಂದೊಂದು ಗಿಡದಲ್ಲೂ ಸಾವಿರಾರು ಬೀಜ, ದನ ಮುಟ್ಟಲ್ಲ, ಬರಿ ನೆಲ ಸಿಕ್ಕರೆ ಅದರದ್ದೇ ರಾಜ್ಯ. ಹೂ ಬಿಡುವ ಮುಂಚೆ ಕಿತ್ತೆವು, ಕೆರೆಯ ಹೂಳು ಮಣ್ಣು, ಅಂದರೆ ಗೋಡು ಹೊಡೆಸಿದೆವು, ಎರಡು ವರ್ಷ ಹುರುಳಿ ಚೆಲ್ಲಿದೆವು. ಮೂರನೇ ವರ್ಷ ರಾಗಿ ಹಾಕಿದೆವು. ಇಳುವರಿ ಇನ್ನೂ ಅಜ್ಜನ ಕಾಲದಷ್ಟಿಲ್ಲ.

ಈಗ ಅಕ್ಕಪಕ್ಕದವರು ಹೆಬ್ಬೇವು, ಸಿಲ್ವರ್ ಓಕ್ ಅಂತ ಓಡಾಡುತ್ತಿದ್ದಾರೆ. ಹಾಕಬೇಡಿ ಅನ್ನಲ್ಲ. ಇಡೀ ಹೊಲಕ್ಕೆ ಒಂದೇ ಮರ ತುಂಬಬೇಡಿ, ಬದುವಿಗೆ ಹಾಕಿ, ಎಲೆ ಕೊಳೆತು ಗೊಬ್ಬರ ಆಗುವ ಮರವನ್ನೂ ಜೊತೆಗೆ ಸೇರಿಸಿ. ಆ ಮರದ ಕೆಳಗೆ ಏನು ಬೆಳೆಯುತ್ತದೆ ಅಂತ ಮೊದಲು ಹೋಗಿ ನೋಡಿ ಬನ್ನಿ.

ಈ ಸಲ ಶ್ರಾವಣದಲ್ಲಿ ಹೊಲದ ಮೂಲೆಯಲ್ಲಿ ಅಣ್ಣೆ ಸೊಪ್ಪು ಕಂಡಿತು. ಆರೇಳು ಗಿಡ, ಅಷ್ಟೇ. ನಾನು ಬಗ್ಗಿದೆ. ಬಿಡು, ಬೀಜ ಕಟ್ಟಲಿ ಅಂದರು ಅಮ್ಮ.