ಬೈಯುವ ಮೊದಲು ಗಡಿಯಾರ ನೋಡಿ

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗರು ನಿಧಾನ, ಅವರಿಗೆ ಪ್ರೋತ್ಸಾಹ ಕೊಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಧಾನ ಎಲ್ಲಿ ಆಗುತ್ತಿದೆ ಎಂದು ಮೊದಲು ಅಳೆಯಬೇಕು ಸ್ವಾಮಿ. ಮಧ್ಯಾಹ್ನದ ರಶ್ಶಿನಲ್ಲಿ 15 ಆರ್ಡರುಗಳಿಗೆ ಮೂರು ಸಮಯ ಬರೆದಿಡಿ: ಆರ್ಡರ್ ತಗೊಂಡದ್ದು, ತಿಂಡಿ ಕೌಂಟರಿಗೆ ಬಂದದ್ದು, ಟೇಬಲಿಗೆ ಹೋದದ್ದು. ಮೊದಲೆರಡರ ನಡುವೆಯೇ ತಡವಾಗುತ್ತಿದ್ದರೆ ಸಪ್ಲೈಯರನ್ನು ಬೈದು ಪ್ರಯೋಜನವಿಲ್ಲ, ತೊಂದರೆ ದೋಸೆ ಕಾವಲಿ ಹತ್ತಿರ ಇದೆ. ಕಾವಲಿ ವಿಪರೀತ ಕಾದರೆ ಹಿಟ್ಟು ಹರಡುವುದಿಲ್ಲ, ಸೌಟಿನ ಜೊತೆಗೇ ಎದ್ದುಬರುತ್ತದೆ. ನೀರು ಚಿಮುಕಿಸಿ ಒರೆಸಲೇಬೇಕು. ಆ ಹೊತ್ತಿನಲ್ಲಿ ದೋಸೆ ಭಟ್ಟರನ್ನೇ ಚಟ್ನಿಗೂ ಓಡಿಸಿದರೆ ಆರ್ಡರುಗಳು ರಾಶಿ ಬೀಳುತ್ತವೆ.

ಇನ್ನೊಂದು ತಪ್ಪು, ಚೆನ್ನಾಗಿ ಸಪ್ಲೈ ಮಾಡುವವನನ್ನು ಏನೂ ಕಲಿಸದೆ ಕ್ಯಾಪ್ಟನ್, ಅಂದರೆ ಇಡೀ ಹಾಲ್ ನೋಡಿಕೊಳ್ಳುವವನನ್ನಾಗಿ ಮಾಡುವುದು. ಅವನು ಟ್ರೇ ತಾನೇ ಹೊರುತ್ತಾನೆ, ಹಾಲ್ ನೋಡುವವರಿಲ್ಲ. ಮೊದಲು ಹಳೆಯ ಕ್ಯಾಪ್ಟನ್ ಜೊತೆ ಅವನನ್ನು ಎರಡು ವಾರ ನಿಲ್ಲಿಸಿ. ತಪ್ಪು ತಿದ್ದುವುದು ಗಿರಾಕಿಗಳ ಎದುರು ಬೇಡ. ರಶ್ ಇಳಿದ ಮೇಲೆ ಕರೆದು, ಒಂದೇ ತಪ್ಪು ಹೇಳಿ, ಸರಿಯಾದದ್ದನ್ನು ಮಾಡಿ ತೋರಿಸಿ.

ರಜೆಯ ಮಾತೇ ನಿಮ್ಮ ಲೇಖನದಲ್ಲಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವಾರದ ರಜೆ, ಓವರ್‌ಟೈಮಿಗೆ ದುಪ್ಪಟ್ಟು ದರ ಎರಡೂ ಇವೆ. ಊರು ಬಿಟ್ಟು ಬಂದ ಹುಡುಗರಿಗೆ ದಯವಿಟ್ಟು ಅದನ್ನು ಮೊದಲು ಕೊಡಿ.